ಅಣ್ಣನ ಒಂದೇ ಫೋಟೊ

ನನಗೊಬ್ಬ ಅಣ್ಣನಿದ್ದ. ನಾನು ಹುಟ್ಟುವ ಮೊದಲೇ, ಮೂರನೆಯ ವಯಸ್ಸಿನಲ್ಲಿ, ಜ್ವರ ಬಂದು ತೀರಿಹೋದ. ಅವನದೆಂದು ಮನೆಯಲ್ಲಿದ್ದದ್ದು ಒಂದೇ ಫೋಟೊ. ಅದೂ ಇತರ ಹಳೆಯ ಫೋಟೊ-ಕಾಗದಗಳ ಜೊತೆ ತಗಡಿನ ಪೆಟ್ಟಿಗೆಯಲ್ಲಿ, ಅಟ್ಟದ ಮೇಲೆ. ನಾನು ಅದನ್ನು ನೋಡಿರಲೇ ಇಲ್ಲ. ಆ ಮಗುವಿನ ಮಾತನ್ನು ನಮ್ಮಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ಅಪ್ಪ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರು, ನಮ್ಮ ವಾಸ ದೇಶದ ರಾಜಧಾನಿಯ ಲೋಧಿ ಕಾಲೋನಿಯ ಕ್ವಾರ್ಟರ್ಸಿನಲ್ಲಿ. ನಾನು ಆಗ ಬಿ.ಎ. ಓದುತ್ತಿದ್ದೆ. ಜುಲೈ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಅಟ್ಟದಿಂದ ನೀರು ತೊಟ್ಟಿಕ್ಕತೊಡಗಿತು. ತಾರಸಿಯ ಟ್ಯಾಂಕಿನ ಪೈಪು ಒಡೆದು, ನೀರೆಲ್ಲ ಗೋಡೆಯೊಳಗಿಂದ ಇಳಿದು ಪೆಟ್ಟಿಗೆ ಸೇರಿತ್ತು.

ಅಪ್ಪ ಪೆಟ್ಟಿಗೆ ಇಳಿಸಿ ತೆರೆದರು. ಫೋಟೊಗಳೆಲ್ಲ ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗಿದ್ದವು. ಮೇಲಿನದನ್ನು ಅವರು ಎಳೆದರು. ಅಜ್ಜನ ಮುಖ ಸಿಪ್ಪೆಯಂತೆ ಎದ್ದುಬಂತು.

"ರೀ, ಬಿಡಿ! ಮುಟ್ಟಬೇಡಿ!" ಅಮ್ಮ ಕಿರುಚಿದಳು.

"ಮತ್ತೇನು ಮಾಡಲಿ? ಬಿಸಿಲಿಗೆ ಹಾಕ್ತೀನಿ. ಒಣಗಿದ್ರೆ ತಾನಾಗೇ ಬಿಡುತ್ತೆ."

ನಾನು ಚಪ್ಪಲಿ ಮೆಟ್ಟಿ ಮಾರ್ಕೆಟ್ಟಿನ ಫೋಟೊ ಸ್ಟುಡಿಯೋಗೆ ಓಡಿದೆ. ಅದರ ಮುದಿ ಮಾಲೀಕ ಆಗಷ್ಟೇ ಶಟರ್ ಎತ್ತುತ್ತಿದ್ದ. ನನ್ನ ಮಾತು ಮುಗಿಯುವ ಮುನ್ನವೇ, "ಸುಖಾನಾ ಮತ್, ಬೇಟಿ!" ಎಂದು ಕೈಯೆತ್ತಿದ. ಒಣಗಿಸಲೇಬೇಡಿ, ಒಣಗಿಸಿದರೆ ಮತ್ತೆಂದೂ ಬಿಡಿಸಲಾಗದು, ಶುದ್ಧ ತಣ್ಣೀರಿನಲ್ಲಿ ಮುಳುಗಿಸಿಡಿ, ಅವಾಗಿಯೇ ಬಿಡುವವರೆಗೆ ಎಳೆಯಬೇಡಿ ಎಂದ.

ನಾನು ಮರಳುವಾಗ ಅಪ್ಪ ಆ ಕಟ್ಟನ್ನು ಹಿಡಿದು ತಾರಸಿಯ ಮೆಟ್ಟಿಲು ಹತ್ತುತ್ತಿದ್ದರು.

"ಅಪ್ಪಾ, ನಿಲ್ಲಿ! ಒಣಗಿಸಬೇಡಿ!"

ಅವರನ್ನು ಕೆಳಗೆ ಕರೆತಂದರೆ ನಲ್ಲಿಯಲ್ಲಿ ಹನಿ ನೀರಿಲ್ಲ. ಟ್ಯಾಂಕು ಬರಿದಾಗಿತ್ತು, ಇನ್ನು ನೀರು ಬರುವುದು ಸಂಜೆಗೇ. ಕಟ್ಟಿನ ಅಂಚುಗಳು ಆಗಲೇ ಒಣಗಿ ಮುರುಟುತ್ತಿದ್ದವು. ಅಮ್ಮ ಅಡುಗೆಮನೆಯಿಂದ ಕುಡಿಯುವ ನೀರಿನ ಕೊಡ ತಂದು ಟಬ್ಬಿಗೆ ಸುರಿದಳು.

ಮೂವರೂ ಟಬ್ಬಿನ ಸುತ್ತ ಕೂತೆವು. ಅರ್ಧ ಗಂಟೆಯಾದ ಮೇಲೆ ಮೊದಲ ಫೋಟೊ ಸಡಿಲವಾಯಿತು. ಆಮೇಲೆ ಅತ್ತೆಯ ಮದುವೆ, ಊರಿನ ಶಾಲೆ, ಅಪ್ಪ ಕೆಲಸಕ್ಕೆ ಸೇರಿದ ದಿನದ್ದು. ಒಂದೊಂದನ್ನೂ ಬಿಳಿ ಪಂಚೆಯ ಮೇಲೆ ಹರಡಿದೆ. ಅಮ್ಮನ ಕಣ್ಣು ಮಾತ್ರ ಟಬ್ಬಿನಿಂದ ಕದಲಲಿಲ್ಲ. ಕೊನೆಗೆ ಎರಡು ಉಳಿದವು. ಎದುರುಬದುರಾಗಿ ಅಂಟಿದ್ದವು. ಮಧ್ಯಾಹ್ನವಾದರೂ ಬಿಡಲಿಲ್ಲ.

"ಇನ್ನೊಂದು ಗಂಟೆ ನೋಡೋಣಮ್ಮ," ಎಂದೆ.

"ಇನ್ನೂ ನೆನೆದ್ರೆ ಕರಗಿಹೋಗುತ್ತೆ ಕಣೇ." ನೀರೊಳಗೇ ಅಂಚಿಗೆ ಉಗುರು ತಾಗಿಸಿ, ಉಸಿರು ಬಿಗಿಹಿಡಿದು, ಎಳೆ ಎಳೆಯಾಗಿ ಬಿಡಿಸಿದಳು.

ಅರ್ಧ ಬಂತು. ಹಣೆ, ಒಂದು ಕಣ್ಣು, ಅಂಗಿಯ ಗುಂಡಿ ಹಿಡಿದ ಪುಟ್ಟ ಕೈ. ಎಡಗೆನ್ನೆ ಇನ್ನೊಂದು ಫೋಟೊಗೆ ಅಂಟಿ ಹರಿದುಹೋಗಿತ್ತು. ನಾನು ಅಣ್ಣನನ್ನು ಮೊದಲ ಸಲ ನೋಡಿದ್ದು ಹಾಗೆ.

"ಅಟ್ಟದ ಮೇಲಿಡು ಅಂದವನು ನಾನೇ," ಅಪ್ಪ ನೆಲ ನೋಡುತ್ತ ಹೇಳಿದರು. "ನಿನ್ನಮ್ಮ ದಿನಾ ನೋಡಿ ಅಳ್ತಿದ್ದಳು. ನನಗೆ ತಡಿಯೋಕಾಗಲಿಲ್ಲ."

ಅಮ್ಮ ಅವರನ್ನು ಬೈಯಲಿಲ್ಲ. ಅಳಲೂ ಇಲ್ಲ. "ಆ ಕೆನ್ನೇಲಿ ಗುಳಿ ಬೀಳ್ತಿತ್ತು," ಎಂದಳು. "ನಗದೇ ಇದ್ರೂ ಬೀಳ್ತಿತ್ತು."

ಮುಂದಿನ ವಾರ ನಾನು ಎಲ್ಲವನ್ನೂ ಕರೋಲ್ ಬಾಗಿಗೆ ಒಯ್ದು ಸ್ಕ್ಯಾನ್ ಮಾಡಿಸಿದೆ. ಒಂದೇ ಥರದ ಎರಡು ಸಿ.ಡಿ. ಆದವು. ಒಂದನ್ನು ಉಡುಪಿಯ ಅತ್ತೆಗೆ ಕಳಿಸಿದೆವು. ಫೋಟೊಗಳ ನಡುವೆ ಬೆಣ್ಣೆ ಕಾಗದವಿಟ್ಟು ಬೀರುವಿನ ನಡುವಿನ ಖಾನೆಯಲ್ಲಿ ಜೋಡಿಸಿದೆವು. ಯಾರು, ಎಲ್ಲಿ ಎಂದು ಅಮ್ಮ ಹೇಳುತ್ತ ಹೋದಳು, ನಾನು ಫೋಟೊಗಳ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದೆ. ಅಣ್ಣನ ಫೋಟೊ ಬಂದಾಗ ಅವಳ ಮಾತು ನಿಲ್ಲಲೇ ಇಲ್ಲ. ಜಾಗ ಸಾಲದೆ ನಾನು ಬೇರೆ ಹಾಳೆ ತೆಗೆದುಕೊಂಡೆ.