ಸೆರಗೊಡ್ಡಿದರೆ ಕೊಡದ ಯಂತ್ರ

ತಿಪಟೂರಿಗೆ ಎಟಿಎಂ ಬಂದ ಹೊಸತರಲ್ಲಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುವವರಿದ್ದರು. ನಗಬೇಡಿ, ಅವರಲ್ಲಿ ನಮ್ಮಮ್ಮನೂ ಒಬ್ಬಳು.

ಅಪ್ಪ ಹೋದ ಮೇಲೆ ತೋಟದ ಕೊಬ್ಬರಿ ಮಾರಿದ ದುಡ್ಡು ಅಮ್ಮನ ಖಾತೆಗೇ ಬೀಳುತ್ತಿತ್ತು. ಆದರೆ ಚೆಕ್ಕಿಗೆ ಅವಳ ಸಹಿ ಹಾಕಿಸಿಕೊಂಡು ಹೋಗಿ ತರುತ್ತಿದ್ದವರು ಚಿಕ್ಕಪ್ಪ. ತಂದು ತಮ್ಮ ಬೀರುವಿನಲ್ಲಿಡುತ್ತಿದ್ದರು. ಚಿಕ್ಕಪ್ಪ ಮೋಸಗಾರರಲ್ಲ, ಕೇಳಿದಾಗೆಲ್ಲ ಕೊಡುತ್ತಿದ್ದರು. ಆದರೆ ಕೇಳಬೇಕಾಗಿತ್ತು. ಯಾತಕ್ಕೆ ಅಂತ ಹೇಳಬೇಕಾಗಿತ್ತು. ಒಂದು ರವಿಕೆ ಬಟ್ಟೆಗೂ ಅಮ್ಮ ಅವರ ಜಗಲಿಯಲ್ಲಿ ಕಾದು ನಿಲ್ಲುವುದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಬ್ಯಾಂಕಿನವರು ಕಾರ್ಡು ಕೊಡುತ್ತಾರಂತೆ ಎಂದು ಕಾಲೇಜಿನಲ್ಲಿ ಕೇಳಿದ ವಾರವೇ ಅವಳ ಕೈಲಿ ಅರ್ಜಿ ಹಾಕಿಸಿದೆ.

"ಒಂದ್ಸಲ ನೋಡಾನ ಅತ್ಗೆ. ಆಗ್ಲಿಲ್ಲ ಅಂದ್ರೆ ಚೆಕ್ಕೇ ವಾಸಿ" ಎಂದು, ಕಾರ್ಡು ಕೈಗೆ ಬಂದ ಮೇಲೆ ಚಿಕ್ಕಪ್ಪನೂ ನಮ್ಮೂರು ಹಾಲ್ಕುರಿಕೆಯಲ್ಲಿ ನಮ್ಮ ಜೊತೆ ತಿಪಟೂರಿನ ಬಸ್ಸು ಹತ್ತಿದರು.

ಒಳಗೆ ಒಬ್ಬರೇ ಹೋಗಬೇಕೆಂದು ಬೋರ್ಡಿತ್ತು. ನಾನೂ ಚಿಕ್ಕಪ್ಪನೂ ಗಾಜಿನ ಈಚೆ ನಿಂತೆವು. ಹೇಳಿಕೊಟ್ಟ ಹಾಗೇ ಅಮ್ಮ ಕಾರ್ಡು ತೂರಿಸಿದಳು, ಕನ್ನಡ ಒತ್ತಿದಳು, ನಂಬರು ಒತ್ತಿದಳು. ಒಂದೂ ತಪ್ಪಲಿಲ್ಲ. ಯಂತ್ರ ಗರಗರ ಅಂದು ನೋಟು ಹೊರಚಾಚಿತು. ಆಗ ಅಮ್ಮ ಸೆರಗೊಡ್ಡಿ ನಿಂತಳು.

ನಮ್ಮ ಮನೆಯಲ್ಲಿ ಹೆಂಗಸರು ಕೊಬ್ಬರಿ ದುಡ್ಡನ್ನು ಬರಿಗೈಯಲ್ಲಿ ಮುಟ್ಟುವುದಿಲ್ಲ. ವರ್ಷವಿಡೀ ಅಟ್ಟದ ಮೇಲೆ ಒಣಗಿದ ಕಾಯಿ ದುಡ್ಡಾಗಿ ಬಂದಾಗ ಸೆರಗಿನಲ್ಲಿ ಪಡೆದು ಕಣ್ಣಿಗೊತ್ತಿಕೊಳ್ಳಬೇಕು. ಕೊಡುವವರು ಹಾಕಬೇಕು, ನಾವಾಗಿ ಕೀಳಬಾರದು. ಯಂತ್ರ ಹಾಕಲಿ ಅಂತ ಅಮ್ಮ ಕಾದಳು. "ತಗಳಮ್ಮ, ತಗೊ" ಎಂದು ನಾನು ಗಾಜು ಬಡಿದೆ. ಸುಮ್ಮನಿರು ಎಂದು ಕೈಸನ್ನೆ ಮಾಡಿದಳು. ಅಷ್ಟರಲ್ಲಿ ಯಂತ್ರ ನೋಟನ್ನು ವಾಪಸು ಒಳಗೆಳೆದುಕೊಂಡಿತು.

"ನಾನ್ ಹೇಳ್ಲಿಲ್ವಾ" ಅಂದರು ಚಿಕ್ಕಪ್ಪ. ಅಳು ಬಂದದ್ದು ನನಗೆ, ಅಮ್ಮನಿಗಲ್ಲ. ಪಕ್ಕದಲ್ಲೇ ಇದ್ದ ಬ್ಯಾಂಕಿನಲ್ಲಿ ವಿಚಾರಿಸಿದೆವು. ಒಳಗೆ ಹೋದ ದುಡ್ಡು ನಾಲ್ಕು ದಿನದಲ್ಲಿ ಖಾತೆಗೆ ಮರಳುತ್ತದೆ, ಬೇಕಾದರೆ ಉಳಿದದ್ದರಲ್ಲಿ ಈಗಲೇ ಇನ್ನೊಮ್ಮೆ ತೆಗೆಯಬಹುದು ಅಂದರು.

"ಸಾಕು ಬುಡತ್ಗೆ, ಕಾರ್ಡು ವಾಪಸ್ ಕೊಟ್ಟು ಹೋಗಾನ" ಅಂದರು ಚಿಕ್ಕಪ್ಪ.

"ಆ ಮಿಶನ್ನಿಗೆ ಮರ್ಯಾದೆ ಗೊತ್ತಿಲ್ಲ ಕಣಪ್ಪ. ನಂಗೀಗ ಗೊತ್ತಾಯ್ತು" ಎಂದವಳೇ ಅಮ್ಮ ಮತ್ತೆ ಒಳಗೆ ನಡೆದಳು. ಈ ಸಲ ಚಪ್ಪಲಿ ಬಿಡಲಿಲ್ಲ.

ನೋಟು ಮೂತಿ ತೋರಿಸಿದ್ದೇ ತಡ, ಕಿತ್ತುಕೊಂಡಳು. ಆಮೇಲೆ ನಿಧಾನವಾಗಿ ಸೆರಗಿಗೆ ಹಾಕಿಕೊಂಡು ಕಣ್ಣಿಗೊತ್ತಿಕೊಂಡಳು. ಮರ್ಯಾದೆ ಗೊತ್ತಿಲ್ಲದಿದ್ದರೇನು, ಆ ಯಂತ್ರದ ಮೇಲೆ ನನಗೆ ಇವತ್ತಿಗೂ ಪ್ರೀತಿ. ಯಾತಕ್ಕೆ ಅಂತ ಅದು ಕೇಳಲಿಲ್ಲ.

ಅಮ್ಮ ಹೊರಗೆ ಬಂದಾಗ, ದುಡ್ಡು ಎಂದಿನಂತೆ ತಮ್ಮ ಬೀರುವಿಗೇ ಅನ್ನುವ ಹಾಗೆ ಚಿಕ್ಕಪ್ಪ ಕೈ ಚಾಚಿದರು. ಅವಳು ಸೊಂಟದ ಎಲೆಯಡಿಕೆ ಸಂಚಿ ಬಿಚ್ಚಿದಳು, ದುಡ್ಡನ್ನು ಅದರೊಳಗಿಟ್ಟಳು, ಅದರಿಂದಲೇ ಎರಡು ಎಲೆ, ಒಂದು ಅಡಿಕೆ ತೆಗೆದು ಆ ಚಾಚಿದ ಕೈಗಿಟ್ಟಳು.

"ಹಾಕ್ಕಳಪ್ಪ" ಅಂದಳು. "ಬಸ್ ಬರಾಕೆ ಇನ್ನೂ ಹೊತ್ತೈತೆ."