ಕುರಿ ಲಸಿಕೆಯ ಡಬ್ಬಿ

ಚನ್ನಗಿರಿಯ ಅಡಿಕೆ ಮಂಡಿಯಲ್ಲಿ ಚೀಲ ಹೊರುತ್ತಾ ಕಾಲೇಜು ಮುಗಿಸಿದವನು ನಾನು. ಚೀಲದ ಬಾಯಲ್ಲಿ ಒಳ್ಳೆಯ ಅಡಿಕೆಯೇ ಕಾಣುತ್ತದೆ. ಕೊಳ್ಳುವವನು ಮೊಣಕೈವರೆಗೆ ಕೈ ತೂರಿಸಿ ತಳದಿಂದ ಒಂದು ಹಿಡಿ ತೆಗೆದು ನೋಡಬೇಕು. ಅಲ್ಲಿ ಕಲಿತ ಮೊದಲ ಪಾಠ ಅದು. ವಿಜ್ಞಾನಿಯಾದ ಮೇಲೂ ಗಾಜಿನ ಸಾಮಾನು ಮಾರುವವರ ಹತ್ತಿರ ಚೌಕಾಸಿ ಬಿಟ್ಟಿಲ್ಲ. ನೀವೂ ಬಿಡಬೇಡಿ. ಯಾರೂ ಮೊದಲ ಮಾತಿಗೇ ಸರಿಯಾದ ದರ ಹೇಳುವುದಿಲ್ಲ.

ನನ್ನ ಸಂಶೋಧನೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳ ಮೇಲೆ. ಅವುಗಳ ಹೊರಪದರಕ್ಕೆ ತೂತು ಕೊರೆದು ಕೊಲ್ಲುವ ಒಂದು ಪೆಪ್ಟೈಡನ್ನು, ಅಂದರೆ ಪ್ರೋಟೀನಿನ ಪುಟ್ಟ ತುಂಡನ್ನು, ನಮ್ಮ ತಂಡ ತಯಾರಿಸಿದೆ. ಈಚೆಗೆ ಊರಿನವರು ಶಾಲು ಹೊದಿಸಿದಾಗ ಮೈಕ್ ಹಿಡಿದು ಹೇಳಿಬಿಟ್ಟೆ: “ಶುಗರ್ ಇರೋರ ಕಾಲಿನ ಹುಣ್ಣಲ್ಲಿ ಯಾವ ಮಾತ್ರೆಗೂ ಸಾಯದ ಕ್ರಿಮಿ ಇರ್ತಾವಲ್ಲ, ಅವನ್ನ ಕೊಲ್ಲೋದು ನನ್ನ ಫ್ರಿಜ್ಜಿನಾಗೈತೆ!” ಚಪ್ಪಾಳೆ ಬಿತ್ತು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು ಊರೂರಿಗೆ ಕಳಿಸಿದರು.

ಕೆಲವು ವಾರಗಳ ನಂತರ ದಾವಣಗೆರೆಯ ನನ್ನ ಪ್ರಯೋಗಾಲಯದ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದರು. ಜಗಳೂರಿನ ಕಡೆಯ ಸೊಕ್ಕೆಯವರು. ಕೈಯಲ್ಲಿ ಕುರಿಗಳಿಗೆ ಲಸಿಕೆ ತರುವ ಐಸ್ ಡಬ್ಬಿ.

“ಡಾಕ್ಟ್ರೇ, ಐಸ್ ತುಂಬಿಸ್ಕೊಂಡೇ ಬಂದೀನಿ. ಕೆಡಲ್ಲ. ನಮ್ಮನೆಯವ್ರು ಇಲ್ಲೇ ಆಸ್ಪತ್ರೇಲಿ ಅದಾರೆ. ಶುಗರ್ ಹುಣ್ಣು, ಕಾಲು ತೆಗಿಬೇಕು ಅಂತಾರೆ ಅಲ್ಲಿ ಡಾಕ್ಟ್ರು. ಇವ್ರು ಸಹಿ ಹಾಕಾಕೆ ಒಲ್ಲೆ ಅಂತಾರೆ, ನಿಮ್ಮ ಔಷಧಿ ಬರ್ಲಿ ಅಂತ ಕುಂತಾರೆ.”

“ನಾನು ಆ ಡಾಕ್ಟ್ರಲ್ಲಮ್ಮ,” ಎಂದೆ.

“ಯಾವ ಡಾಕ್ಟ್ರಾದ್ರೇನ್ರೀ, ಫ್ರಿಜ್ ನಿಮ್ದೇ ಅಲ್ವಾ?”

ಫ್ರಿಜ್ ಅವರ ಬೆನ್ನ ಹಿಂದೆಯೇ ಗುಂಯ್ ಎನ್ನುತ್ತಿತ್ತು. ಸಭೆಯಲ್ಲಿ ನುಂಗಿಕೊಂಡಿದ್ದ ಮಾತನ್ನು ಆಗ ಹೇಳಬೇಕಾಯಿತು. ಆ ಪೆಪ್ಟೈಡ್ ಕ್ರಿಮಿಯನ್ನು ಕೊಂದದ್ದು ಗಾಜಿನ ತಟ್ಟೆಯಲ್ಲಿ. ರಕ್ತಕ್ಕೆ ಬೆರೆಸಿ ನೋಡಿದರೆ ರಕ್ತಕಣಗಳನ್ನೂ ಒಡೆಯುತ್ತದೆ. ಅದನ್ನು ಪಳಗಿಸಲು ವರ್ಷಗಳೇ ಹಿಡಿಯಬಹುದು, ಪಳಗದೆಯೂ ಹೋಗಬಹುದು. ಸಭೆಗೆ ನಾನು ತೋರಿಸಿದ್ದು ಚೀಲದ ಬಾಯನ್ನು ಮಾತ್ರ.

ಆಕೆ ಡಬ್ಬಿಯ ಮುಚ್ಚಳವನ್ನು ಒತ್ತಿ ಒತ್ತಿ ಮುಚ್ಚಿದರು. “ಇದನ್ನ ನೀವೇ ಬಂದು ಹೇಳ್ರಿ. ನಾನು ಹೇಳಿದ್ರೆ, ಇವಳಿಗೆ ವ್ಯಾಪಾರ ಮಾಡಾಕೆ ಬರ್ಲಿಲ್ಲ ಅಂತಾರೆ.”

ಹೋದೆ. ದಾರಿಯುದ್ದಕ್ಕೂ ಆ ಡಬ್ಬಿ ಹಿಡಿದುಕೊಂಡವನು ನಾನೇ. ವಾರ್ಡಿನಲ್ಲಿ ಆತ ನನ್ನನ್ನು ಕಂಡ ಕೂಡಲೇ ಎದ್ದು ಕೂತರು. ಕಣ್ಣು ಮೊದಲು ಹೋದದ್ದು ಡಬ್ಬಿಯ ಕಡೆಗೆ. ನಾನು ಎಲ್ಲವನ್ನೂ ಹೇಳಿದೆ.

“ಏನ್ರೀ ಇಷ್ಟು ಮೆಲ್ಲಕೆ? ಅವತ್ತು ಮೈಕ್ ಇತ್ತು, ಇಲ್ಲಿಲ್ಲ ಅಂತಾನಾ? ಜೋರಾಗಿ ಹೇಳ್ರಿ, ಇವ್ರೂ ಕೇಳ್ಲಿ.” ಪಕ್ಕದ ಮಂಚಗಳವರು ಇತ್ತ ತಿರುಗಿದರು. ಫ್ರಿಜ್ಜಿನಲ್ಲಿರುವುದು ಔಷಧಿಯಲ್ಲ ಎಂದು ಇನ್ನೊಮ್ಮೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

ಅದಕ್ಕೇ ಹೇಳುತ್ತೇನೆ: ನನ್ನಂಥವರು ವೇದಿಕೆಯಲ್ಲಿ ‘ಕೊಂದೆವು’ ಎಂದರೆ, ‘ಎಲ್ಲಿ? ತಟ್ಟೆಯಲ್ಲೋ, ಮನುಷ್ಯನ ಮೈಯಲ್ಲೋ?’ ಎಂದು ಕೇಳಿ. ನಾಚಿಕೆಪಡಬೇಡಿ. ಅದನ್ನು ನಮಗೆ ಬಿಡಿ.

ಆತ ಹೆಂಡತಿಯ ಕಡೆ ಕೈ ಚಾಚಿದರು. “ಪೆನ್ನು ಕೊಡೇ,” ಎಂದರು. ಸಹಿ ಹಾಕಿ ನನ್ನ ಕಡೆ ತಿರುಗಿದರು. “ಮಂಡೀಲಿ ಬೆಳೆದೋರು ಅಂತ ನೀವೇ ಭಾಷಣದಾಗೆ ಹೇಳಿದ್ರಿ. ಆ ಡಾಕ್ಟ್ರ ಹತ್ರ ಹೋಗಿ ಪಾದದ ಮಟ್ಟಕ್ಕೆ ಕುದುರ್ಸಿ ನೋಡ್ರಿ.”

ಶಸ್ತ್ರವೈದ್ಯರ ಕೋಣೆಗೆ ಹೋದೆ. “ಮೊದಲು ಬಂದಾಗಲೇ ಒಪ್ಪಿದ್ದರೆ ಬೆರಳುಗಳಲ್ಲಿ ಮುಗಿಯುತ್ತಿತ್ತು,” ಎಂದರು ಆ ವೈದ್ಯೆ. “ಈಗ ಸೋಂಕು ಮೇಲಕ್ಕೆ ಹೋಗಿದೆ. ಯಾರನ್ನು ನಂಬಿ ಕೂತಿದ್ದರು?”

“ನನ್ನನ್ನು,” ಎಂದೆ. ಮುಂದೆ ಒಂದು ಮಾತೂ ಚೌಕಾಸಿ ಮಾಡಲಿಲ್ಲ.

ವಾರ್ಡಿಗೆ ಮರಳಿದಾಗ ಆತ ಕಾಯುತ್ತಿದ್ದರು. ಹೆಂಡತಿ ಡಬ್ಬಿಯಲ್ಲಿದ್ದ ಕರಗಿದ ಐಸನ್ನು ಕಿಟಕಿಯಾಚೆ ಚೆಲ್ಲುತ್ತಿದ್ದರು.

“ಎಷ್ಟಕ್ಕೆ ಕುದುರ್ತು?”

ಬಗ್ಗಿ, ನನ್ನದೇ ಮೊಣಕಾಲಿನ ಕೆಳಗೆ ಕೈಯಿಟ್ಟು ತೋರಿಸಿದೆ.