ಅವ್ವ ಒಳಗೆ ಕರೆದ ಪಾದ್ರಿ

ಇದನ್ನು ಕಟ್ಟುಕಥೆ ಎನ್ನುವವರು ಒಂದು ರಾತ್ರಿ ನಮ್ಮ ಮನೆಯಲ್ಲಿ ಮಲಗಿ ನೋಡಲಿ. ನಾನೂ ಕಾಲೇಜಿನಲ್ಲಿ ವಿಜ್ಞಾನ ಪಾಠ ಮಾಡುವವಳು, ದೆವ್ವ ಎಂದರೆ ನಗುತ್ತಿದ್ದವಳು.

ನಾವಿರುವ ಸಿಂಗಾಪುರ ಬಡಾವಣೆಯ ಹಳೇ ಊರಿನ ಅಂಚಿಗೆ ಮಿಷನ್ ಕಾಲದ ಕಲ್ಲಿನ ಚರ್ಚು. ಅದರ ಬೆನ್ನಿಗೇ ನಮ್ಮ ಬಾಡಿಗೆ ಮನೆ. ಬಂದ ದಿನವೇ ಓನರ್ ಸ್ಟೆಲ್ಲಾ ಆಂಟಿ ದನಿ ತಗ್ಗಿಸಿ ಹೇಳಿದ್ದರು.

"ಪ್ಲೇಗ್ ಟೈಮಲ್ಲಿ ಇಲ್ಲೊಬ್ರು ಫಾದರ್ ಇದ್ರಂತೆ ಕಣಮ್ಮಾ. ಸಾಯೋರ ಹಣೆಗೆ ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡೋಕೆ ಕೈಗಂಟೆ ಹಿಡ್ಕೊಂಡು ಮನೆಮನೆಗೂ ಹೋಗ್ತಿದ್ರು. ಈಗ್ಲೂ ಬರ್ತಾರೆ. ಗಂಟೆ ಕೇಳಿದ್ರೆ ಸುಮ್ನಿದ್ಬಿಡಿ. ಕರೀದೆ ಅವ್ರು ಒಳಗೆ ಬರಲ್ಲ."

ಹೂಂ ಎಂದು ತಲೆಯಾಡಿಸಿ, ಒಳಗೆ ಬಂದು ನಕ್ಕಿದ್ದೆ.

ಗದಗದಿಂದ ಕರೆತಂದ ಅವ್ವನಿಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ಜ್ವರ ಮರುಕಳಿಸಿತು. ಅವಳನ್ನು ಬಿಟ್ಟರೆ ನನಗೆ ಇನ್ಯಾರೂ ಇಲ್ಲ. ಆ ರಾತ್ರಿ ಅವಳ ಉಸಿರು ಗೊರಗೊರ ಎನ್ನುತ್ತಿತ್ತು... ಕರೆಂಟು ಹೋಯಿತು. ಬೀದಿನಾಯಿಗಳೆಲ್ಲ ಒಮ್ಮೆಲೇ ಸುಮ್ಮನಾದವು.

ಟಿಣ್... ಟಿಣ್...

ಚರ್ಚಿನ ಗೋಡೆಯ ಕಡೆಯಿಂದ ಹತ್ತಿರ ಬಂದ ಸದ್ದು ನಮ್ಮ ಬಾಗಿಲ ಮುಂದೆ ನಿಂತಿತು. ಜೊತೆಗೆ ಕರಗಿದ ಮೇಣದ ವಾಸನೆ... ಅವ್ವನ ಬಾಯಿ ಮುಚ್ಚಬೇಕೆಂದು ಹೊಳೆಯಲೇ ಇಲ್ಲ. ಬಾಗಿಲಿಗೆ ಬಂದವರನ್ನು ಹೊರಗೆ ನಿಲ್ಲಿಸುವ ರೂಢಿ ನಮ್ಮ ಕಡೆ ಇಲ್ಲ.

"ಯಾರಪಾ ಅದು? ಹೊರಗ್ಯಾಕ ನಿಂತಿ? ಒಳಗ ಬಾ, ನೀರು ಕುಡಿ," ಎಂದಳು ಅವ್ವ, ಕಣ್ಣು ಮುಚ್ಚಿಕೊಂಡೇ.

ಚಿಲಕ ಹಾಕಿಯೇ ಇತ್ತು. ಆದರೂ ಗಂಟೆ ಈ ಸಲ ಕೇಳಿದ್ದು ಮಂಚದ ಪಕ್ಕದಲ್ಲಿ.

ನಾನು ಅವ್ವನನ್ನು ತಬ್ಬಿಕೊಂಡು, "ನಮ್ಮವ್ವನ್ನ ಕರ್ಕೊಂಡು ಹೋಗಬ್ಯಾಡ್ರಿ... ನಿಮ್ಮ ಕಾಲಿಗೆ ಬೀಳ್ತೀನ್ರಿ," ಎಂದು ಅತ್ತುಬಿಟ್ಟೆ. ಬೆಳಕು ಹರಿಯುವವರೆಗೂ ಕಣ್ಣು ತೆರೆಯುವ ಧೈರ್ಯ ಬರಲಿಲ್ಲ.

ಬೆಳಿಗ್ಗೆ ಅವ್ವನ ಜ್ವರ ಬಿಟ್ಟಿತ್ತು. ಹಣೆಯ ಮೇಲೆ ಎಣ್ಣೆಯ ಪಸೆ. ಮಂಚದ ಕೆಳಗಿನ ನೀರಿನ ತಂಬಿಗೆ ಖಾಲಿಯಾಗಿತ್ತು.

ಈಗ ಅವ್ವ ಗಟ್ಟಿಯಾಗಿದ್ದಾಳೆ, ದಿನಾ ರೊಟ್ಟಿ ಬಡಿಯುತ್ತಾಳೆ. ವಿಷಯ ತಿಳಿದ ಮೇಲೆ ಸ್ಟೆಲ್ಲಾ ಆಂಟಿ ಮಾತ್ರ ನನ್ನ ಮುಖ ನೋಡದೆ ಓಡಾಡುತ್ತಾರೆ. ಮನೆ ಬದಲಾಯಿಸೋಣ ಎಂದರೆ ಅವ್ವ ಜಪ್ಪಯ್ಯ ಎನ್ನುವುದಿಲ್ಲ.

"ಪಾಪ, ಭಾಳ ಸಮಾಧಾನದ ಮನಶ್ಯಾ. ನೀ ಅತ್ತಿದ್ದು ನೋಡಿ ನನ್ನ ಬಿಟ್ಟ. ನಿನ್ನ ಹೆಸರು ಕೇಳಿದ, ಹೇಳೀನಿ. ಯಾವಾಗಾರ ಬಾರಪಾ, ನಿನ್ನ ಮನಿ ಅಂತ ತಿಳಿ ಅಂದೀನಿ."

ನಿನ್ನೆಯಿಂದ ನನಗೆ ಮೈ ಬೆಚ್ಚಗಿದೆ... ಅವ್ವ ಬಾಗಿಲ ಬಳಿ ತಂಬಿಗೆ ತುಂಬಿಟ್ಟಿದ್ದಾಳೆ.